ಕೇಳಿ, ಹೇಳ್ತೇವೆ: ಗಸಿಯ ಮಸಾಲೆಗೆ ಏನು, ಎಷ್ಟು, ಯಾವಾಗ?

ಗುಂಪಿನ ನಿರ್ವಾಹಕರು: ಈ ವಾರದ ವಿಷಯ ಕರಾವಳಿಯ ಗಸಿ (ತೆಂಗಿನಕಾಯಿ, ಮಸಾಲೆ ರುಬ್ಬಿ ಮಾಡುವ ದಪ್ಪ ಸಾರು), ಅದರ ಅಕ್ಕಪಕ್ಕದ ಸಾರು-ಪದಾರ್ಥಗಳು, ಅವುಗಳಿಗೆ ಬೀಳುವ ಸಾಮಗ್ರಿಗಳು. ಉತ್ತರಿಸುವವರು ಇಬ್ಬರು: ಮಂಗಳೂರಿನಲ್ಲಿ ಹೋಟೆಲ್ ಅಡುಗೆ ನೋಡಿಕೊಳ್ಳುವ ಶೆಟ್ರು, ಹುಬ್ಬಳ್ಳಿಯಲ್ಲಿ ಖಾರ-ಮಸಾಲೆ ಗಿರಣಿ ನಡೆಸುವ ಅಕ್ಕ. ದಯವಿಟ್ಟು ಅಳತೆ ಸಮೇತ ಪ್ರಶ್ನೆ ಕೇಳಿ. "ಚೆನ್ನಾಗಿ ಬರಲ್ಲ" ಅಂತ ಬರೆದರೆ ಅವರಾದರೂ ಏನು ಹೇಳಿಯಾರು?

ಪ್ರಶ್ನೆ (ಬೆಂಗಳೂರು): ಶೆಟ್ರೇ, ಕೋರಿ (ಕೋಳಿ) ಗಸಿ ಮಾಡಿದಾಗಲೆಲ್ಲ ಬಣ್ಣ ಕಂದು ತಿರುಗಿ ಕಪ್ಪಾಗುತ್ತೆ. ಒಂದು ಕೆಜಿ ಕೋಳಿಗೆ ಹದಿನೈದು ಬ್ಯಾಡಗಿ, ಮೂರು ಚಮಚ ಕೊತ್ತಂಬರಿ, ಜೀರಿಗೆ, ಒಂದು ಚಮಚ ಮೆಂತ್ಯ, ಕಾಳುಮೆಣಸು, ಎಲ್ಲ ಒಟ್ಟಿಗೆ ಕಬ್ಬಿಣದ ಬಾಣಲೆಯಲ್ಲಿ ಹುರಿದು, ಗಸಿಯನ್ನೂ ಅದರಲ್ಲೇ ಕುದಿಸ್ತೀನಿ. ಸ್ವಲ್ಪ ಕಹಿಯೂ ಇರುತ್ತೆ.

ಶೆಟ್ರು: ಮೂರು ತಪ್ಪು ನೀವೇ ಬರೆದಿದ್ದೀರಿ ಮಾರಾಯ್ರೇ. ಒಟ್ಟಿಗೆ ಹುರಿದದ್ದು, ಮೆಂತ್ಯದ ಅಳತೆ, ಕಬ್ಬಿಣದ ಬಾಣಲೆಯಲ್ಲಿ ಹುಳಿ ಕುದಿಸಿದ್ದು.

ಕೊತ್ತಂಬರಿ ಕಾಳು ದಪ್ಪ, ಒಳಗಿನವರೆಗೆ ಬಿಸಿಯಾಗಲು ಮೂರು-ನಾಲ್ಕು ನಿಮಿಷ ಬೇಕು. ಜೀರಿಗೆಗೆ ಅರ್ಧ ನಿಮಿಷ ಸಾಕು. ಒಟ್ಟಿಗೆ ಹಾಕಿದರೆ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಜೀರಿಗೆ, ಮೆಂತ್ಯ ಎರಡೂ ಸೀದಿರುತ್ತವೆ. ಒಂದು ಕೆಜಿ ಕೋಳಿಗೆ ನಾನು ಹಾಕುವ ಲೆಕ್ಕ: ಬ್ಯಾಡಗಿ ಮೆಣಸು 15, ಖಾರ ಬೇಕಾದರೆ ಗುಂಟೂರು 3. ಕೊತ್ತಂಬರಿ 3 ದೊಡ್ಡ ಚಮಚ, ಜೀರಿಗೆ 1 ಸಣ್ಣ ಚಮಚ, ಕಾಳುಮೆಣಸು ಅರ್ಧ, ಮೆಂತ್ಯ ಕಾಲು ಸಣ್ಣ ಚಮಚ, ಅದಕ್ಕಿಂತ ಒಂದು ಕಾಳೂ ಹೆಚ್ಚು ಬೇಡ. ಅರಿಶಿನ ಅರ್ಧ ಸಣ್ಣ ಚಮಚ, ಬೆಳ್ಳುಳ್ಳಿ 8 ಎಸಳು, ಒಂದು ನೀರುಳ್ಳಿ, ಗೋಲಿ ಗಾತ್ರದ ಹುಣಸೆಹುಳಿ. ತೆಂಗಿನಕಾಯಿ ಒಂದು: ಅರ್ಧ ಕಾಯಿಯ ತುರಿ ಮಸಾಲೆಗೆ, ಇನ್ನರ್ಧದ ದಪ್ಪ ಹಾಲು ಕೊನೆಗೆ.

ಮೊದಲು ಮೆಣಸು. ತೊಟ್ಟು ತೆಗೆದು, ಒಂದು ಸಣ್ಣ ಚಮಚ ತೆಂಗಿನೆಣ್ಣೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸಬೇಕು. ಸುಕ್ಕು ಸ್ವಲ್ಪ ಬಿಡಿಸಿಕೊಂಡು ಕಾಯಿ ಉಬ್ಬುತ್ತದೆ, ಸಿಪ್ಪೆಗೆ ಹೊಳಪು ಬರುತ್ತದೆ, ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಗಿಲ ಅನ್ನುತ್ತದೆ. ಆಗಲೇ ತೆಗೆದು ಅಗಲ ತಟ್ಟೆಗೆ ಹಾಕಿ. ಬಿಸಿ ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಸೀಯುತ್ತದೆ. ಕೆಮ್ಮು ಬರುವಂಥ ಹೊಗೆ ಎದ್ದಿತೋ, ಬಣ್ಣ ಆಗಲೇ ಹೋಯಿತು.

ಆಮೇಲೆ ಕೊತ್ತಂಬರಿ, ಅದು ಮುಕ್ಕಾಲು ಹುರಿದಾಗ ಕಾಳುಮೆಣಸು. ಮೆಂತ್ಯ ಬೇರೆಯಾಗಿ, ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಸಾಕು; ಕೆಂಪಾದ ಮೆಂತ್ಯ ಬರೇ ಕಹಿ. ಜೀರಿಗೆಯನ್ನು ಉರಿ ಆರಿಸಿದ ಮೇಲೆ ಆ ಬಿಸಿಗೇ ಹಾಕಿ. ಕಡೆಗೆ ತೆಂಗಿನ ತುರಿ, ಅರಿಶಿನ. ತುರಿಯ ಹಸಿ ವಾಸನೆ ಹೋದರೆ ಆಯ್ತು, ಕಂದಾಗುವ ತನಕ ಹುರಿದರೆ ಅದು ಬೇರೆಯೇ ಪದಾರ್ಥ, ಗಸಿಯ ಕೆಂಪು ಬರುವುದಿಲ್ಲ.

ಹುರಿಯಲು ಕಬ್ಬಿಣ ಆಗಬಹುದು. ಹುಣಸೆಹುಳಿ ಬಿದ್ದ ಮೇಲೆ ಮಣ್ಣಿನ ಪಾತ್ರೆ ಅಥವಾ ಸ್ಟೀಲು. ಹುಳಿ ಕಬ್ಬಿಣವನ್ನು ಕರಗಿಸುತ್ತದೆ, ಬಣ್ಣ ಕಪ್ಪಡರುತ್ತದೆ, ನಾಲಗೆಗೂ ಲೋಹದ ರುಚಿ ಸಿಗುತ್ತದೆ.

ಗಿರಣಿ ಅಕ್ಕ: ಮೆಣಸಿನಕಾಯಿನೂ ಒಮ್ಮೆ ನೋಡ್ರಿ. ಬ್ಯಾಡಗಿ ಅಂತ ಚೀಲದ ಮೇಲೆ ಬರೆದಿದ್ದೆಲ್ಲ ಬ್ಯಾಡಗಿ ಅಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯ ಹೆಸರಿನ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ, ಆ ಪ್ರದೇಶದ್ದೇ ಮಾಲು ಅನ್ನೋ ಕಾನೂನಿನ ಗುರುತು) ಸಿಕ್ಕಿದೆ. ಅದರೊಳಗೆ ಕಡ್ಡಿ, ಡಬ್ಬಿ ಅಂತ ಎರಡು. ಕಡ್ಡಿ ಉದ್ದ, ತೆಳ್ಳಗ, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದಪ್ಪ. ಎರಡರಲ್ಲೂ ಬಣ್ಣ ಜಾಸ್ತಿ, ಖಾರ ಕಡಿಮೆ. ನುಣ್ಣನೆ ಮೈಯ ಕಾಯಿಯನ್ನು ಬ್ಯಾಡಗಿ ಅಂತ ಕೊಟ್ಟರೆ ತಗೋಬ್ಯಾಡ್ರಿ.

ಹಳೇ ಕಾಯಿಗೆ ಎಷ್ಟು ಹದವಾಗಿ ಹುರಿದರೂ ಬಣ್ಣ ಬರಂಗಿಲ್ಲ. ಬೆಳಕು, ಗಾಳಿ ತಾಗಿದಷ್ಟೂ ಕೆಂಪು ಇಳೀತದ. ಒಂದು ಕಾಯಿ ಸೀಳಿ ಸಿಪ್ಪೆಯ ಒಳಮೈ ನೋಡ್ರಿ. ಅಲ್ಲೂ ಕಡುಗೆಂಪು ಇರಬೇಕು. ಬೆಳ್ಳಗೆ ಮಚ್ಚೆ ಇದ್ದದ್ದು, ಬೂದು ಬೂಷ್ಟು ಇದ್ದದ್ದು ಆರಿಸಿ ಒಗೀರಿ. ತೂಕ ಬರಲಿ ಅಂತ ನೀರು ಚಿಮುಕಿಸಿದ ಮಾಲೂ ಇರ್ತದ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಕಾಯಿ ಒಂದಕ್ಕೊಂದು ಅಂಟಿಕೊಂಡೇ ಇದ್ದರೆ ಅದೇ.

ಪ್ರಶ್ನೆ (ಜರ್ಮನಿ): ಇಲ್ಲಿ ನಮಗೆ ಸಿಗೋದು ಕಾಶ್ಮೀರಿ ಖಾರದ ಪುಡಿ, ಒಣ ತೆಂಗಿನ ತುರಿ, ಡಬ್ಬಿಯ ತೆಂಗಿನ ಹಾಲು ಮಾತ್ರ. ಕರಿಬೇವು ಒಣಗಿದ್ದು. ಇದರಲ್ಲಿ ಗಸಿ ಆಗುತ್ತಾ?

ಶೆಟ್ರು: ಆಗ್ತದೆ. ಪುಡಿಯನ್ನು ಮಾತ್ರ ಹುರಿಯಬೇಡಿ, ಕ್ಷಣದಲ್ಲಿ ಸೀಯುತ್ತದೆ. ಹದಿನೈದು ಕಾಯಿ ಅಂದರೆ ಹೆಚ್ಚುಕಡಿಮೆ 15 ಗ್ರಾಂ, ಅಷ್ಟು ಪುಡಿ ತೂಗಿಕೊಳ್ಳಿ. ಎಣ್ಣೆ ಬಿಸಿ ಮಾಡಿ, ಉರಿ ಆರಿಸಿ, ಅರ್ಧ ನಿಮಿಷ ಬಿಟ್ಟು ಪುಡಿ ಹಾಕಿ ಕಲಸಿ. ಮೆಣಸಿನ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದು, ನೀರಿಗೆ ಇಳಿಯುವುದಿಲ್ಲ. ಅದಕ್ಕೇ ನೀರಿಗೆ ನೇರ ಪುಡಿ ಹಾಕಿದ ಸಾರು ಪೇಲವವಾಗಿ ಕಾಣುವುದು.

ಒಣ ತುರಿ ಸಕ್ಕರೆ ಇಲ್ಲದ್ದೇ ಎಂದು ಪೊಟ್ಟಣ ಓದಿ ತನ್ನಿ. ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರಿನ ಸಮೇತ ರುಬ್ಬಿ. ಭಾರತೀಯ ಅಂಗಡಿಯಲ್ಲಿ ಫ್ರೀಜ್ ಮಾಡಿದ ತುರಿ ಸಿಕ್ಕಿದರೆ ಅದೇ ಮೇಲು. ಡಬ್ಬಿಯ ಹಾಲಲ್ಲಿ ಕೊಬ್ಬು ಶೇಕಡಾ 17ರ ಮೇಲಿದ್ದರೆ ಅದನ್ನು ದಪ್ಪ ಹಾಲಿನ ಲೆಕ್ಕಕ್ಕೆ ಹಿಡಿಯಿರಿ. ಒಣ ಕರಿಬೇವು ಹಾಕುವುದಕ್ಕಿಂತ ಬಿಡುವುದು ವಾಸಿ, ಅದರಲ್ಲಿ ಘಮ ಉಳಿದಿರುವುದಿಲ್ಲ. ತಾಜಾ ಸಿಕ್ಕಿದ ದಿನ ತಂದು, ತೊಳೆದು, ಪೂರ್ತಿ ಒಣಗಿಸಿ, ಫ್ರೀಜರಿನಲ್ಲಿಡಿ. ಹೊರಗೆ ತೆಗೆದು ಕರಗಲು ಬಿಡಬಾರದು, ಹಾಗೇ ಎಣ್ಣೆಗೆ.

ಪ್ರಶ್ನೆ (ಶಿವಮೊಗ್ಗ): ತೆಂಗಿನ ಹಾಲು ಹಾಕಿದ ಮೇಲೆ ಒಡೆದು ಮೇಲೆ ಎಣ್ಣೆ, ಕೆಳಗೆ ನೀರು ಆಗುತ್ತೆ. ಮಸಾಲೆಯೂ ತರಿತರಿ.

ಶೆಟ್ರು: ತೆಂಗಿನ ಹಾಲಿನಲ್ಲಿ ಕೊಬ್ಬಿನ ಹನಿಗಳನ್ನು ನೀರಿನಲ್ಲಿ ಹಿಡಿದಿಡುವುದು ಅದರೊಳಗಿನ ಪ್ರೋಟೀನು. ಸುಮಾರು 80 ಡಿಗ್ರಿ ದಾಟಿದರೆ ಆ ಪ್ರೋಟೀನು ಗಟ್ಟಿಯಾಗಿ ಹಿಡಿತ ಬಿಡುತ್ತದೆ. ಜೊತೆಗೆ ಹುಳಿಯೂ ಇದ್ದರೆ ಇನ್ನೂ ಬೇಗ. ಹಾಗಾಗಿ ನೀರು ಹಾಲಿನಲ್ಲಿ (ಎರಡನೇ ಹಿಂಡಿನದ್ದು) ಕೋಳಿ, ಮಸಾಲೆ ಎಲ್ಲ ಬೇಯಲಿ. ಹುಣಸೆಹುಳಿ ಮಸಾಲೆಯ ಜೊತೆಗೇ ಕುದಿದು ಮುಗಿದಿರಲಿ. ಉಪ್ಪು ನೋಡಿ, ಉರಿ ಪೂರ್ತಿ ಇಳಿಸಿ, ಕುದಿ ನಿಂತ ಮೇಲೆ ದಪ್ಪ ಹಾಲು ಸುರಿದು ಸೌಟಿನಿಂದ ಆಡಿಸುತ್ತಾ ಇರಿ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡಾಗ ಇಳಿಸಿ. ಮುಚ್ಚಳ ಹಾಕಬೇಡಿ, ಒಳಗೆ ಶಾಖ ಏರುತ್ತದೆ. ಆ ಮೇಲೆ ಒಗ್ಗರಣೆ: ಎರಡು ಚಮಚ ತೆಂಗಿನೆಣ್ಣೆ ಅಥವಾ ತುಪ್ಪ, ತೆಳ್ಳಗೆ ಹೆಚ್ಚಿದ ನೀರುಳ್ಳಿ, ಕರಿಬೇವು.

ಮೇಲೆ ತೆಳುವಾಗಿ ಕೆಂಪೆಣ್ಣೆ ತೇಲಿದರೆ ಅದು ಒಡೆದದ್ದಲ್ಲ, ಮಸಾಲೆ ಬೆಂದದ್ದರ ಗುರುತು. ಬಿಳಿ ಮೊಸರಿನಂತೆ ಕಾಳುಕಾಳಾಗಿ ಕಂಡರೆ ಒಡೆದಿದೆ. ಆಗ ಒಂದು ಸೌಟು ರಸವನ್ನು ಎರಡು ಚಮಚ ರುಬ್ಬಿದ ಕಾಯಿಯ ಜೊತೆ ಮಿಕ್ಸಿಯಲ್ಲಿ ತಿರುವಿ ವಾಪಸು ಹಾಕಿದರೆ ಸಾಕಷ್ಟು ಕೂಡಿಕೊಳ್ಳುತ್ತದೆ. ರಸ ತಣಿದ ಮೇಲೆ ತಿರುವಿ ಆಯ್ತಾ, ಕುದಿ ಬಿಸಿಯಲ್ಲಿ ಹಾಕಿದರೆ ಜಾರಿನ ಮುಚ್ಚಳ ಹಾರುತ್ತದೆ.

ತರಿತರಿಗೆ ಕಾರಣ ಮೊದಲೇ ನೀರು ಹೆಚ್ಚು ಹಾಕುವುದು. ಹುರಿದದ್ದು ತಣಿಯಲಿ. ಮೊದಲು ಒಣಗಿಯೇ ಪುಡಿ ಮಾಡಿ, ಆಮೇಲೆ ತುರಿ, ಹುಳಿ, ಬೆಳ್ಳುಳ್ಳಿ, ಬ್ಲೇಡು ತಿರುಗುವಷ್ಟೇ ನೀರು. ಬೆರಳಲ್ಲಿ ಉಜ್ಜಿದರೆ ತರಿ ಸಿಗಬಾರದು. ಜಾರು ಬಿಸಿಯಾದರೆ ನಿಲ್ಲಿಸಿ, ತಣ್ಣೀರು ಹಾಕಿ ಮುಂದುವರಿಸಿ. ತರಕಾರಿ ಹುಳಿಗೆ ಇಷ್ಟು ನುಣ್ಣಗೆ ಬೇಡ.

ಪ್ರಶ್ನೆ (ದಾವಣಗೆರೆ): ಕಡ್ಲೆ ಗಸಿ ಮಾಡಿದಾಗ ಕಡಲೆ ಎಷ್ಟು ಹೊತ್ತಾದರೂ ಬೇಯಲ್ಲ. ಹುಣಸೆಹಣ್ಣು, ಉಪ್ಪು ಎಲ್ಲ ಸೇರಿಸಿಯೇ ಕುಕ್ಕರ್ ಇಡ್ತೀನಿ, ರುಚಿ ಹಿಡೀಲಿ ಅಂತ.

ಶೆಟ್ರು: ಹುಳಿ ಮೊದಲೇ ಬಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗುವುದೇ ಇಲ್ಲ. ತೊಗರಿಬೇಳೆಗೂ, ಸುವರ್ಣಗೆಡ್ಡೆಗೂ ಇದೇ ಮಾತು. ಕಡಲೆ ರಾತ್ರಿ ನೆನೆಸಿ, ಬರೀ ಉಪ್ಪು ಹಾಕಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗಬೇಕು. ಆಮೇಲೆ ಹುಳಿ, ಮಸಾಲೆ. ಬೋರ್‌ವೆಲ್ ಗಡಸು ನೀರಾದರೆ ಅದರ ಸುಣ್ಣವೂ ಅಡ್ಡಿ, ಕುಡಿಯುವ ಫಿಲ್ಟರ್ ನೀರಲ್ಲಿ ನೆನೆಸಿ, ಅದರಲ್ಲೇ ಬೇಯಿಸಿ ನೋಡಿ. ಸೋಡಾ ಹಾಕಿದರೆ ಬೇಗ ಬೇಯುವುದೇನೋ ಹೌದು, ಆದರೆ ಕಾಳು ಲೊಳಲೊಳ ಆಗಿ ಅರಿಶಿನವೂ ಕೆಂಪು ಛಾಯೆಗೆ ತಿರುಗುತ್ತದೆ.

ಪ್ರಶ್ನೆ (ಮೈಸೂರು): ಹುಳಿಗೆ ಹುಣಸೆ ಬಿಟ್ಟು ಬೇರೆ ಏನು ಬಳಸಬಹುದು? ಪುನರ್ಪುಳಿ, ಕಾಚಂಪುಳಿ ಎಲ್ಲ ಒಂದೇನಾ?

ಶೆಟ್ರು: ಒಂದೇ ಅಲ್ಲ. ಪುನರ್ಪುಳಿಯನ್ನು ಘಟ್ಟದ ಮೇಲೆ ಮುರುಗಲು ಅನ್ನುತ್ತಾರೆ, ಒಣಸಿಪ್ಪೆ ಬಳಸುವುದು. ತಿಳಿಸಾರಿಗೆ, ಮೀನಿಗೆ ಚೆಂದ. ನಾಲ್ಕೈದು ಸಿಪ್ಪೆ ತೊಳೆದು ಹಾಗೇ ಹಾಕಿ, ಹದಕ್ಕೆ ಬಂದಾಗ ಎತ್ತಿಬಿಡಿ. ರುಬ್ಬಿದರೆ ಒಗರು ಬರುತ್ತದೆ. ಕಾಚಂಪುಳಿ ಕೊಡಗಿನದ್ದು, ಉಪ್ಪಾಗೆ ಜಾತಿಯ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಕಪ್ಪಗೆ ಇಳಿಸಿದ್ದು. ಹಂದಿ ಮಾಂಸದ ಪಂದಿ ಕರಿಗೆ ಅದೇ ಬೇಕು. ಕೆಜಿಗೆ ಒಂದರಿಂದ ಒಂದೂವರೆ ಸಣ್ಣ ಚಮಚದಲ್ಲಿ ಶುರು ಮಾಡಿ, ಕೊನೆಯಲ್ಲಿ ಹಾಕಿ. ಗಸಿಗೆ ಎರಡೂ ಬೇಡ ಅಂತ ನನ್ನ ಅಭಿಪ್ರಾಯ. ಹುಣಸೆಯಲ್ಲೂ ಹೊಸತು, ಹಳತು ಅಂತ ಉಂಟು. ಕೆಂಪು ಮಾಸದ ಹೊಸ ಹುಳಿಯಲ್ಲಿ ಗಸಿಯ ಬಣ್ಣ ಉಳಿಯುತ್ತದೆ, ಕಪ್ಪಾದ ಹಳೆ ಹುಳಿಯನ್ನು ಗೊಜ್ಜಿಗೆ ಇಟ್ಟುಕೊಳ್ಳಿ.

ಪ್ರಶ್ನೆ (ಸಾಗರ): ಮಾವಿನಹಣ್ಣಿನ ಸಾಸಿವೆ (ಕಾಯಿತುರಿ, ಸಾಸಿವೆ ರುಬ್ಬಿ ಹಣ್ಣಿಗೆ ಬೆರೆಸುವ ಪದಾರ್ಥ) ಒಮ್ಮೊಮ್ಮೆ ಕಹಿ, ಒಮ್ಮೊಮ್ಮೆ ಘಾಟೇ ಇಲ್ಲ. ಸಾಸಿವೆ ಅದೇ ಡಬ್ಬಿಯದ್ದು. ಯಾಕೆ?

ಗಿರಣಿ ಅಕ್ಕ: ಸಾಸಿವೆ ಕಾಳಿನೊಳಗ ಘಾಟು ತಯಾರಾಗಿ ಕೂತಿರಂಗಿಲ್ರಿ. ಕಾಳು ಒಡೆದು ನೀರು ತಾಗಿದಾಗ ಒಂದು ಕಿಣ್ವ ಕೆಲಸ ಮಾಡಿ ಘಾಟು ಹುಟ್ಟಿಸ್ತದ. ಶಾಖಕ್ಕೆ ಆ ಕಿಣ್ವ ಸತ್ತು ಹೋಗ್ತದ. ಅದಕ್ಕೇ ಒಗ್ಗರಣೆಯಲ್ಲಿ ಸಿಡಿದ ಸಾಸಿವೆಗೆ ಪರಿಮಳ ಐತಿ, ಘಾಟು ಇಲ್ಲ. ಹುರಿದು ರುಬ್ಬಿದ್ರೆ ಘಾಟು ಬರಂಗಿಲ್ಲ. ಹಸಿದನ್ನು ಮೊದಲೇ ಹಾಕಿ ಬಹಳ ಹೊತ್ತು ತಿರುವಿದ್ರೆ ಕಹಿ. ಒಂದು ಬಟ್ಟಲು ಕಾಯಿತುರಿಗೆ ಅರ್ಧ ಸಣ್ಣ ಚಮಚ ಸಾಕು. ತುರಿ ನುಣ್ಣಗಾದ ಮೇಲೆ, ಕಡೇ ಸುತ್ತಿಗೆ ಹಸಿ ಸಾಸಿವೆ, ತಣ್ಣೀರು. ಹತ್ತು ನಿಮಿಷ ಬಿಟ್ಟು ಹಣ್ಣಿಗೆ ಬೆರೆಸ್ರಿ. ಮತ್ತೆ ಒಲೆ ಮೇಲೆ ಇಡಬ್ಯಾಡ್ರಿ.

ಪ್ರಶ್ನೆ (ಉಡುಪಿ): ಇಂಗು ಒಂದು ಕಂಪನಿಯದ್ದು ಚಿಟಿಕೆ ಸಾಕು, ಇನ್ನೊಂದು ಅರ್ಧ ಚಮಚ ಹಾಕಿದರೂ ಗೊತ್ತಾಗಲ್ಲ. ಗೋಧಿ ಆಗದವರು ತಿನ್ನಬಹುದಾ?

ಗಿರಣಿ ಅಕ್ಕ: ಅಂಗಡಿಯಲ್ಲಿ ಸಿಗೋದು ಕೂಡಿಸಿದ ಇಂಗು. ಅಸಲು ರಾಳಕ್ಕೆ ಗೋಂದು, ಹಿಟ್ಟು ಬೆರೆಸಿರ್ತಾರ. ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ, ಕೆಲವರು ಅಕ್ಕಿಹಿಟ್ಟು ಹಾಕ್ತಾರ. ಡಬ್ಬಿ ಹಿಂದಿನ ಸಾಮಗ್ರಿ ಪಟ್ಟಿ ಓದ್ರಿ, ಗೋಧಿ ಆಗದವರಿಗೆ ಅಕ್ಕಿಹಿಟ್ಟಿಂದೇ ಬೇಕು. ರಾಳದ ಪಾಲು ಹೆಚ್ಚುಕಡಿಮೆ ಇರೋದರಿಂದ ಕಂಪನಿ ಬದಲಿಸಿದಾಗ ಅಳತೆನೂ ಬದಲಿಸಬೇಕು. ರಾಳ ಬರೋದು ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನದ ಕಡೆಯಿಂದ. ನಮ್ಮಲ್ಲಿ 2020ರ ಅಕ್ಟೋಬರಿನಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟಾರ. ಹಾಕುವಾಗ ಎಣ್ಣೆಗೇ ಹಾಕ್ರಿ, ನೀರಿಗೆ ಹಾಕಿದ್ರೆ ಹಸಿ ನಾತ ಉಳೀತದ.

ಪ್ರಶ್ನೆ (ಕಾರವಾರ): ಬಂಗುಡೆ ಸಾರಿಗೆ ತೆಪ್ಪಳ (ಜುಮ್ಮನಕಾಯಿ, ಮೀನಿನ ಸಾರಿಗೆ ಹಾಕುವ ಪರಿಮಳದ ಸಣ್ಣ ಕಾಯಿ) ರುಬ್ಬಿ ಹಾಕಬಹುದಾ?

ಶೆಟ್ರು: ಬೇಡ, ಕಹಿ. ಎಂಟ್ಹತ್ತು ಕಾಯಿಯ ಕಪ್ಪು ಬೀಜ ತೆಗೆದು, ಸಿಪ್ಪೆ ಜಜ್ಜಿ, ಸ್ವಲ್ಪ ನೀರಲ್ಲಿ ನೆನೆಸಿ. ಮೀನು ಮುಕ್ಕಾಲು ಬೆಂದಾಗ ನೀರು ಸಮೇತ ಹಾಕಿ. ಅದು ಇದ್ದಲ್ಲಿ ಬೆಳ್ಳುಳ್ಳಿ ಬೇಡ, ಒಂದರ ಪರಿಮಳ ಇನ್ನೊಂದನ್ನು ಕೊಲ್ಲುತ್ತದೆ.

ಪ್ರಶ್ನೆ (ತುಮಕೂರು): ಅಕ್ಕಾ, ವರ್ಷಕ್ಕಾಗುವಷ್ಟು ಖಾರದ ಪುಡಿ ಗಿರಣಿಯಲ್ಲಿ ಮಾಡಿಸಿದೆ. ಮೂರು ತಿಂಗಳಿಗೆ ಗಂಟುಗಂಟಾಗಿ ಕಮಟು ವಾಸನೆ. ಅಂಗಡಿ ಪುಡಿಯಲ್ಲಿ ಕಲಬೆರಕೆ ನೋಡೋದು ಹೇಗೆ ಅಂತಲೂ ಹೇಳಿ.

ಗಿರಣಿ ಅಕ್ಕ: ಗಿರಣಿಯಿಂದ ಬಂದ ಪುಡಿ ಮುಟ್ಟಿದ್ರೆ ಬಿಸಿ ಇರ್ತದ. ಹಾಗೇ ಡಬ್ಬಿ ತುಂಬಿದ್ರೆ ಒಳಗೆ ಬೆವರು ಕೂತು ಗಂಟು, ಆಮೇಲೆ ಬೂಷ್ಟು. ಕಾಗದದ ಮೇಲೆ ತೆಳ್ಳಗೆ ಹರಡಿ, ನೆರಳಿನಲ್ಲಿ ಪೂರ್ತಿ ತಣಿಸಿ ತುಂಬಬೇಕು. ಕಮಟು ಬರೋದು ಬೀಜದ ಎಣ್ಣೆಯಿಂದ. ವರ್ಷದ್ದು ಮಾಡೋರು ಅರ್ಧದಷ್ಟಾದರೂ ಬೀಜ ಉದುರಿಸಿ ಬೀಸಿಸ್ರಿ. ಕೊತ್ತಂಬರಿ, ಜೀರಿಗೆ ಕೂಡಿಸಿದ ಮಸಾಲೆ ಪುಡಿಯನ್ನು ಎರಡು-ಮೂರು ತಿಂಗಳಿಗೆ ಆಗುವಷ್ಟೇ ಮಾಡಿಸಿ, ಉಳಿದ ಕಾಳು ಇಡಿಯಾಗೇ ಇರ್ಲಿ. ಬೂಷ್ಟು ಬಂದದ್ದನ್ನು ಬಿಸಿಲಿಗೆ ಹಾಕಿ ಬಳಸಬ್ಯಾಡ್ರಿ, ಚೆಲ್ರಿ.

ಕಲಬೆರಕೆಗೆ ಮನೇಲಿ ಮಾಡೋ ಪರೀಕ್ಷೆ: ಗಾಜಿನ ಲೋಟದ ನೀರ ಮೇಲೆ ಖಾರದ ಪುಡಿ ಉದುರಿಸ್ರಿ. ಬೆರೆಸಿದ ಬಣ್ಣ ಇದ್ದರೆ ತಕ್ಷಣ ಗೆರೆಗೆರೆಯಾಗಿ ಕೆಳಗಿಳೀತದ. ಅರಿಶಿನ ಹಾಕಿದಾಗ ನೀರು ತಿಳಿಹಳದಿ ಆಗಿ ಪುಡಿ ತಳಕ್ಕೆ ಕೂತರೆ ಸರಿ; ನೀರೆಲ್ಲ ಕಡುಹಳದಿ ಆದರೆ ಅನುಮಾನ. ತಳದ ಮಡ್ಡಿ ಬೆರಳಿಗೆ ಮರಳಿನಂತೆ ಸಿಕ್ಕರೆ ಇಟ್ಟಿಗೆ ಪುಡಿ ಇರಬಹುದು. ಇದರಲ್ಲಿ ಪಾಸಾದ್ರೂ ಶುದ್ಧ ಅಂತ ಖಾತ್ರಿ ಅಲ್ರಿ. ಸೀಸದ ಬಣ್ಣದಂಥದ್ದು ಪ್ರಯೋಗಾಲಯದಲ್ಲೇ ಗೊತ್ತಾಗೋದು. ಅರಿಶಿನದ ಕೊಂಬು ತಂದು ಬೀಸಿಸೋರೂ ಹೊಳೆಹೊಳೆಯೋ ಹಳದಿ ಬಳಿದ ಕೊಂಬು ಬಿಟ್ಟು, ಮಂಕಾಗಿ ಕಾಣೋದನ್ನೇ ಆರಿಸ್ರಿ.