ಪೋಲೆಂಡಿನ ಹಳ್ಳಿಯಲ್ಲಿ ಚರ್ಚಿನಂಥ ಮಸೀದಿ, ಇದು ಹೇಗೆ?

ಪ್ರಶ್ನೆ:
ಪೋಲೆಂಡಿನಲ್ಲಿ, ಬೆಲಾರೂಸ್ ಗಡಿ ಹತ್ತಿರ, ಕ್ರುಶಿನ್ಯಾನಿ ಅಂತ ಒಂದು ಪುಟ್ಟ ಹಳ್ಳಿ ಇದೆ. ಅಲ್ಲಿನ ಒಂದು ಫೋಟೊ ನೋಡಿದೆ. ಹಸಿರು ಬಣ್ಣದ ಮರದ ಕಟ್ಟಡ, ಮುಂದೆ ಎರಡು ಗೋಪುರ. ಯಾವುದೋ ಹಳೇ ಚರ್ಚು ಅಂದುಕೊಂಡೆ. ಆಮೇಲೆ ನೋಡಿದರೆ ಗೋಪುರದ ತುದಿಯಲ್ಲಿ ಶಿಲುಬೆ ಇಲ್ಲ, ಅರ್ಧಚಂದ್ರ ಇದೆ! ಆ ಮೂಲೆಗೆ ಮುಸ್ಲಿಮರು ಯಾವಾಗ ಬಂದರು? ಟರ್ಕಿಯವರು ಗೆದ್ದ ಜಾಗವಾ ಅದು?

ಉತ್ತರ 1:
ಗೆದ್ದ ಜಾಗ ಅಲ್ಲ, ಸಂಬಳದ ಬಾಕಿಗೆ ಸಿಕ್ಕಿದ ಊರು. ಇವರು ಲಿಪ್ಕಾ ತಾತಾರರು ಅನ್ನುವ ಮುಸ್ಲಿಂ ಜನಾಂಗ. 14ನೇ ಶತಮಾನದ ಕೊನೆಯ ಹೊತ್ತಿಗೇ ಲಿಥುವೇನಿಯಾಕ್ಕೆ ಬಂದು ನೆಲೆಸಿದವರು, ಕುದುರೆ ಸವಾರಿಯಲ್ಲಿ ಪಳಗಿದ ಸೈನಿಕರು. 17ನೇ ಶತಮಾನದಲ್ಲಿ ಸಂಬಳ ಸರಿಯಾಗಿ ಬರಲಿಲ್ಲ, ಹಳೇ ಹಕ್ಕುಗಳಿಗೂ ಕತ್ತರಿ ಬಿತ್ತು. ಸಿಟ್ಟಾಗದೆ ಇರ್ತಾರಾ? 1672ರಲ್ಲಿ ಒಂದಷ್ಟು ತುಕಡಿಗಳು ಸೀದಾ ಟರ್ಕಿ ಪಾಳಯಕ್ಕೆ ಹೋಗಿಬಿಟ್ಟವು. ಅಲ್ಲೂ ನೆಮ್ಮದಿ ಇರಲಿಲ್ಲ, ಬಹಳ ಜನ ವಾಪಸ್ ಬಂದರು. 1679ರಲ್ಲಿ, ಆಗ ಒಂದೇ ರಾಜ್ಯವಾಗಿದ್ದ ಪೋಲೆಂಡ್-ಲಿಥುವೇನಿಯಾದ ರಾಜ ಮೂರನೇ ಯಾನ್ ಸೊಬಿಯೆಸ್ಕಿ ದುಡ್ಡಿನ ಬದಲು ರಾಜನ ಜಮೀನನ್ನೇ ಹಂಚಿದ. ಕ್ರುಶಿನ್ಯಾನಿ ಸಿಕ್ಕಿದ್ದು ಸಾಮುಯೆಲ್ ಮುರ್ಜಾ ಕ್ಷೆಚೊವ್ಸ್ಕಿ ಅನ್ನುವ ದಂಡನಾಯಕನಿಗೆ. ನನ್ನ ಪ್ರಕಾರ ರಾಜ ಜಾಣ. ನಾಲ್ಕೇ ವರ್ಷದಲ್ಲಿ, 1683ರ ವಿಯೆನ್ನಾ ಯುದ್ಧದಲ್ಲಿ, ತಾತಾರರು ಅವನ ಪರವಾಗಿ ಟರ್ಕಿ ವಿರುದ್ಧ ಕಾದಾಡಿದರು. ಎದುರಿನ ಸೈನ್ಯದಲ್ಲೂ ತಾತಾರರೇ ಇದ್ದರಲ್ಲ, ಗೊಂದಲ ಆಗಬಾರದು ಅಂತ ಇವರು ತಲೆಗೆ ಒಣಹುಲ್ಲಿನ ಎಳೆ ಸಿಕ್ಕಿಸಿಕೊಂಡಿದ್ದರಂತೆ.

ಉತ್ತರ 2:
ಮಸೀದಿ ವಿಷಯಕ್ಕೆ ಬಂದರೆ, ಈಗಿರುವುದು 18ನೇ ಶತಮಾನದ್ದು. ಕಟ್ಟಿದ್ದು ಸುತ್ತಮುತ್ತಲಿನ ಕ್ರೈಸ್ತ ಬಡಗಿಗಳು ಅಂತ ಹೇಳುತ್ತಾರೆ. ಅವರ ಕೈಗೆ ಅಭ್ಯಾಸ ಇದ್ದದ್ದು ಚರ್ಚಿನ ಕೆಲಸ, ಹಾಗೇ ಕಟ್ಟಿದರು ಅಷ್ಟೇ. ಒಳಗೆ ಮಾತ್ರ ಪೂರ್ತಿ ಮಸೀದಿ. ಗೋಡೆ ತುಂಬ ಚೌಕಟ್ಟು ಹಾಕಿದ ಅರಬ್ಬಿ ಬರಹಗಳು, ಹೆಂಗಸರಿಗೆ ಬೇರೆ ಕೋಣೆ, ನಡುವಿನ ಗೋಡೆಯಲ್ಲಿ ಪರದೆ ಇಳಿಬಿಟ್ಟ ಉದ್ದನೆ ಕಿಂಡಿ. ಸ್ವಲ್ಪ ಆಚೆ ಮರಗಳ ನಡುವೆ ಅವರ ಸ್ಮಶಾನ ಇದೆ, ಅದನ್ನು ಮಿಜಾರ್ ಅನ್ನುತ್ತಾರೆ. ಸಮಾಧಿ ಕಲ್ಲುಗಳೇ ಊರಿನ ಚರಿತ್ರೆ ಹೇಳುತ್ತವೆ. ಮೇಲೆ ಅರಬ್ಬಿ ಸಾಲು, ಕೆಳಗೆ ರಷ್ಯನ್ ಅಥವಾ ಪೋಲಿಷ್. ಯಾವ ಕಾಲದಲ್ಲಿ ಯಾರ ಆಳ್ವಿಕೆ ಇತ್ತು ಅಂತ ಕಲ್ಲಿನಲ್ಲೇ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು:
ಅಬ್ಬಾ, ಇಷ್ಟೆಲ್ಲ ಇದೆಯಾ! ಹಾಗಾದರೆ ಆ ಊರಲ್ಲಿ ಈಗಲೂ ತಾತಾರ್ ಭಾಷೆ ಮಾತಾಡುತ್ತಾರಾ?

ಉತ್ತರ 2:
ಇಲ್ಲ, ಭಾಷೆ ಕೈಬಿಟ್ಟು ನಾನೂರು ವರ್ಷದ ಮೇಲಾಯಿತು. ಊರಲ್ಲಿ ಉಳಿದಿರುವ ತಾತಾರ್ ಮನೆಗಳೂ ಕೆಲವೇ, ಜಾಸ್ತಿ ಜನ ಬಿಯಾವಿಸ್ತೋಕ್ ನಗರದ ಕಡೆ ಹೋಗಿದ್ದಾರೆ. ಆದರೆ ಒಂದು ಮಜಾ ಇದೆ. ಭಾಷೆ ಹೋದ ಮೇಲೆ ಧರ್ಮದ ಪುಸ್ತಕಗಳನ್ನು ಪೋಲಿಷ್, ಬೆಲಾರೂಸಿಯನ್ ಮಾತಿನಲ್ಲೇ ಬರೆದುಕೊಂಡರು, ಲಿಪಿ ಮಾತ್ರ ಅರಬ್ಬಿ. ಅರಬ್ಬಿ ಬಲ್ಲವರು ಓದಲು ಕೂತರೆ ಅಕ್ಷರ ಎಲ್ಲ ಪರಿಚಯದ್ದೇ, ಅರ್ಥ ಮಾತ್ರ ಒಂದೂ ಆಗುವುದಿಲ್ಲ.

ಉತ್ತರ 1:
ಆ ಮಸೀದಿ ನೋಡಿ ನೀವು ಏಮಾರಿದ ಹಾಗೇ ಅಲ್ವಾ 😄