ತಣ್ಣಗಿದ್ದೂ ಸ್ವಾತಿ ನಕ್ಷತ್ರ ಅಷ್ಟು ಉಜ್ವಲವಾಗಿರುವುದು ಹೇಗೆ?

ಪ್ರಶ್ನೆ:
ಸಪ್ತರ್ಷಿ ಮಂಡಲದ ಬಾಲದ ಬಾಗನ್ನೇ ಹಿಡಿದು ಮುಂದೆ ಸಾಗಿದರೆ ಕಿತ್ತಳೆ ಬಣ್ಣದ ಸ್ವಾತಿ ನಕ್ಷತ್ರ ಕಾಣಸಿಗುತ್ತದೆ. ಅದರ ಮೇಲ್ಮೈ ತಾಪಮಾನ ಸುಮಾರು 4,300 ಕೆಲ್ವಿನ್. ಸೂರ್ಯನದು 5,800ರ ಆಸುಪಾಸು. ಹೀಗೆ ಸೂರ್ಯನಿಗಿಂತ ತಣ್ಣಗಿರುವ ನಕ್ಷತ್ರವು ಅದಕ್ಕಿಂತ ಬಹುಪಟ್ಟು ಬೆಳಕನ್ನು ಸೂಸುವುದು ಹೇಗೆ? ಸ್ವಾತಿಯನ್ನು ‘ದೈತ್ಯ’ ನಕ್ಷತ್ರ ಎನ್ನುತ್ತಾರೆ; ಹಾಗೆಂದರೆ ಅದರ ದ್ರವ್ಯರಾಶಿಯೂ ಅಷ್ಟೇ ದೊಡ್ಡದೆಂದು ತಿಳಿಯಬೇಕೆ?

ಮೊದಲ ಉತ್ತರ:
ತಾಪಮಾನ ತಿಳಿಸುವುದು ಮೇಲ್ಮೈಯ ಪ್ರತಿ ಚದರ ಮೀಟರಿನಿಂದ ಎಷ್ಟು ಶಕ್ತಿ ಹೊಮ್ಮುತ್ತದೆ ಎಂಬುದನ್ನು ಮಾತ್ರ. ಈ ಶಕ್ತಿಯು ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ಸ್ವಾತಿಯ ಒಂದು ಚದರ ಮೀಟರು ಸೂರ್ಯನ ಅಷ್ಟೇ ಜಾಗದ ಮೂರನೆಯ ಒಂದು ಪಾಲಿಗಿಂತಲೂ ತುಸು ಕಡಿಮೆ ಶಕ್ತಿಯನ್ನು ಹೊರಸೂಸುತ್ತದೆ. ಆದರೆ ಅದರ ತ್ರಿಜ್ಯ ಸೂರ್ಯನ ಸುಮಾರು 25 ಪಟ್ಟು, ಆದ್ದರಿಂದ ಮೇಲ್ಮೈ 600 ಪಟ್ಟಿಗೂ ಹೆಚ್ಚು; ಎರಡನ್ನೂ ಗುಣಿಸಿದರೆ ಒಟ್ಟು ಶಕ್ತಿ ಸೂರ್ಯನ 150 ಪಟ್ಟನ್ನು ದಾಟುತ್ತದೆ. ಇದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳು. ಕೇವಲ 37 ಜ್ಯೋತಿರ್ವರ್ಷ ದೂರದಲ್ಲಿರುವುದೂ ಅದರ ಹೊಳಪಿಗೆ ನೆರವಾಗಿದೆ.

ಎರಡನೆಯ ಉತ್ತರ:
ದ್ರವ್ಯರಾಶಿಯ ಪ್ರಶ್ನೆ ಹಾಗೆಯೇ ಉಳಿಯಿತು. ಸ್ವಾತಿಯ ದ್ರವ್ಯರಾಶಿ ಹೆಚ್ಚುಕಡಿಮೆ ಸೂರ್ಯನಷ್ಟೇ ಇದೆ. ‘ದೈತ್ಯ’ ಎಂಬ ಹೆಸರು ಗಾತ್ರಕ್ಕೆ ಸಂದದ್ದು, ತೂಕಕ್ಕಲ್ಲ. ಗರ್ಭದ ಜಲಜನಕ ಮುಗಿದ ಮೇಲೆ ಅಲ್ಲಿ ಉಳಿದ ಹೀಲಿಯಂ ಕುಗ್ಗಿ ಬಿಸಿಯಾಗುತ್ತದೆ, ಅದರ ಸುತ್ತಲಿನ ಪದರದಲ್ಲಿ ಜಲಜನಕದ ಸಮ್ಮಿಲನ ತೀವ್ರಗೊಳ್ಳುತ್ತದೆ, ಹೊರಪದರಗಳು ಹಿಗ್ಗಿ ತಣಿದು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಅಷ್ಟೇ ದ್ರವ್ಯ ಅಷ್ಟೊಂದು ಜಾಗದಲ್ಲಿ ಹರಡಿಕೊಂಡಾಗ ಸರಾಸರಿ ಸಾಂದ್ರತೆ ಎಷ್ಟು ಕುಸಿದಿರಬಹುದು ಎಂದು ಲೆಕ್ಕ ಹಾಕಿ ನೋಡಿ. ನನಗಂತೂ ಹೊಳಪಿಗಿಂತ ಅದೇ ಹೆಚ್ಚು ಬೆರಗು ಹುಟ್ಟಿಸುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ವೃಷಭ ರಾಶಿಯ ರೋಹಿಣಿಯೂ ಇದೇ ಬಗೆಯದೇ?

ಎರಡನೆಯ ಉತ್ತರ ಬರೆದವರು:
ಹೌದು, ಆದರೆ ಅದು ಇನ್ನೂ ತಣ್ಣಗಿದೆ, ಇನ್ನೂ ಹಿಗ್ಗಿದೆ: ತಾಪಮಾನ ಸುಮಾರು 3,900 ಕೆಲ್ವಿನ್, ತ್ರಿಜ್ಯ ಸೂರ್ಯನ 44 ಪಟ್ಟಿನಷ್ಟು. ಹಾಗಿದ್ದೂ ಸ್ವಾತಿಗಿಂತ ಮಂಕಾಗಿ ಕಾಣುವುದಕ್ಕೆ ಮುಖ್ಯ ಕಾರಣ ಅದರ 65 ಜ್ಯೋತಿರ್ವರ್ಷಗಳ ದೂರ. ಅದರ ಹಿನ್ನೆಲೆಯಲ್ಲಿ ಕಾಣುವ ನಕ್ಷತ್ರಗುಚ್ಛಕ್ಕೆ ರೋಹಿಣಿ ಸೇರಿದೆಯೆಂದು ಹಲವರು ಭಾವಿಸುತ್ತಾರೆ; ವಾಸ್ತವದಲ್ಲಿ ಆ ಗುಚ್ಛ ಇರುವುದು ಅದರ ದೂರದ ಎರಡು ಪಟ್ಟಿಗೂ ಆಚೆ.