ಬಂಗಿಗೆ ಹಚ್ಚಿದ ಟ್ಯೂಬ್: ಮೂರರಲ್ಲಿ ಕಳ್ಳ ಯಾರು?

ನಿಟ್ಟುವಳ್ಳಿ ಅಕ್ಕ:
ಎರಡನೇ ಹೆರಿಗೆ ಆದ ಮೇಲೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ನನ್ನದು ಕಪ್ಪು ಮೈಬಣ್ಣ, ಅದರ ಬಗ್ಗೆ ಬೇಸರವಿಲ್ಲ. ಈ ಕಲೆ ಮಾತ್ರ ಬೇಡ. ಪಕ್ಕದ ಮನೆಯವರು ಒಂದು ಟ್ಯೂಬ್ ಹೇಳಿದರು. ಮೆಡಿಕಲ್‌ನಲ್ಲಿ ಚೀಟಿಯನ್ನೂ ಕೇಳದೆ ಕೊಟ್ಟರು. ಹದಿನೈದು ದಿನಕ್ಕೆ ಮುಖ ಹೊಳೆಯಿತು. "ಏನ್ ಹಚ್ತೀಯೇ?" ಅಂತ ಮದುವೆ ಮನೆಯಲ್ಲಿ ಎಲ್ಲರೂ ಕೇಳಿದ್ದೇ ಕೇಳಿದ್ದು. ಹಾಗೇ ಏಳು ತಿಂಗಳು ಹಚ್ಚಿದೆ. ಬಿಟ್ಟ ನಾಲ್ಕನೇ ದಿನ ಹಸಿಮೆಣಸಿನಕಾಯಿ ಸವರಿದ ಹಾಗೆ ಉರಿ. ಸಣ್ಣ ಗುಳ್ಳೆ ಬೇರೆ. ಬಂಗು ಮೊದಲಿಗಿಂತ ಜಾಸ್ತಿ. ಟ್ಯೂಬ್ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಮೊಮೆಟಾಸೋನ್ ಅಂತ ಇದೆ. ಮೂರರಲ್ಲಿ ಕಳ್ಳ ಯಾರು?

ಹರಿಹರದ ಮೆಡಿಕಲ್‌ನವ:
ಉರಿಗೆ ಕಾರಣ ಹೆಚ್ಚಾಗಿ ಮೂರನೆಯವನು ಅಕ್ಕ. ಮೊಮೆಟಾಸೋನ್ ಸ್ಟೀರಾಯ್ಡ್. ಮೊದಲು ಕಂಡ ಹೊಳಪಿನಲ್ಲಿ ಅದರ ಪಾಲು ದೊಡ್ಡದು. ಚರ್ಮದ ರಕ್ತನಾಳ ಸಂಕುಚಿಸುತ್ತದೆ, ಕೆಂಪು, ಕೆರೆತ ಅಡಗಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ. ಬಿಟ್ಟ ಕೂಡಲೇ ಅಡಗಿದ್ದೆಲ್ಲ ಒಟ್ಟಿಗೆ ಎದ್ದು ಬರುತ್ತದೆ. ಉರಿಗೆ ಹೆದರಿ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ಖಾಲಿ ಟ್ಯೂಬ್ ಹಿಡಿದು "ಇದೇ ಕೊಡಿ" ಅಂತ ಬರುವವರನ್ನು ದಿನಾ ನೋಡುತ್ತೇನೆ. 2018ರಲ್ಲೇ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಮಾರುತ್ತಾರೆ. ತಪ್ಪು ನಮ್ಮ ಕಡೆಯವರದೇ, ಒಪ್ಪಿಕೊಳ್ಳುತ್ತೇನೆ.

ಮಂಡಕ್ಕಿ ಭಟ್ಟಿ ಹುಡುಗ:
ಮೂರೂ ಕಳ್ಳರೇ. ಹೈಡ್ರೋಕ್ವಿನೋನ್ ಯುರೋಪ್‌ನಲ್ಲಿ ಬ್ಯಾನ್ ಅಲ್ವಾ? ಸುಮ್ನೆ ವಿಷ ಬಳಿದುಕೊಳ್ಳೋದ್ಯಾಕೆ? ನಮ್ಮಮ್ಮ ಅರಿಶಿನ, ನಿಂಬೆರಸ ಬಿಟ್ಟು ಏನೂ ಮುಟ್ಟಿದವರಲ್ಲ.

ದುರ್ಗದ ಬಯಾಲಜಿ ಮೇಷ್ಟ್ರು:
ತಮ್ಮಾ, ನಿಮ್ಮ ಭಟ್ಟಿಯನ್ನೇ ತಗೋ. ಮಂಡಕ್ಕಿ ಹುರಿಯುವವರು ಒಬ್ಬರು, ಚೀಲ ತುಂಬಿ ಅಂಗಡಿಗೆ ಸಾಗಿಸುವವರು ಇನ್ನೊಬ್ಬರು. ಚರ್ಮದಲ್ಲೂ ಹಾಗೇ. ಬಣ್ಣ ಮಾಡುವ ಕೋಶ ಮೆಲನೋಸೈಟ್. ಕಪ್ಪಗಿರುವವರಿಗೂ ಬೆಳ್ಳಗಿರುವವರಿಗೂ ಇವುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಬೇರೆಯಾಗೋದು ಬಣ್ಣವನ್ನು ಚರ್ಮದ ಮೇಲಿನ ಕೋಶಗಳಿಗೆ ಒಯ್ಯುವ ಚೀಲಗಳು: ನಮ್ಮಲ್ಲಿ ದೊಡ್ಡವು, ಬಣ್ಣ ತುಂಬಿದವು, ಬೇಗ ಕರಗದವು.

ಭಟ್ಟಿಯ ಬೆಂಕಿ ಅಂದರೆ ಟೈರೋಸಿನೇಸ್ ಅನ್ನುವ ಕಿಣ್ವ. ಹೈಡ್ರೋಕ್ವಿನೋನ್, ಆರ್ಬುಟಿನ್, ಕೋಜಿಕ್ ಆಸಿಡ್, ಅಜೆಲಿಕ್ ಆಸಿಡ್ ಆ ಬೆಂಕಿ ತಗ್ಗಿಸುತ್ತವೆ. ನಿಯಾಸಿನಮೈಡ್ ಬೆಂಕಿ ಮುಟ್ಟಲ್ಲ, ಚೀಲ ಸಾಗಿಸುವುದನ್ನು ತಡೆಯುತ್ತದೆ. ಟ್ರೆಟಿನೋಯಿನ್ ಮೇಲಿನ ಪದರ ಬೇಗ ಉದುರಿಸಿ, ಅಂಗಡಿಯಲ್ಲಿರುವ ಮಾಲು ಖಾಲಿ ಮಾಡುತ್ತದೆ.

ಯುರೋಪ್ 2001ರಲ್ಲಿ ಹೈಡ್ರೋಕ್ವಿನೋನನ್ನು ತೆಗೆದದ್ದು ಸೌಂದರ್ಯವರ್ಧಕ ಕ್ರೀಮುಗಳಿಂದ. ಡಾಕ್ಟರ್ ಚೀಟಿಗೆ ಅಲ್ಲಿ ಈಗಲೂ ಸಿಗುತ್ತದೆ. ಅಮೆರಿಕದಲ್ಲೂ 2020ರಿಂದ ಚೀಟಿ ಬೇಕು. ವಿಷ ಅಂತಲ್ಲ, ಕೈಗೆ ಸಿಕ್ಕವರು ಸಿಕ್ಕಷ್ಟು ದಿನ ಹಚ್ಚಬಾರದು ಅಂತ. ವರ್ಷಗಟ್ಟಲೆ ಹಚ್ಚಿದರೆ ಕೆಲವರಿಗೆ ನೀಲಿಗಪ್ಪು ಬಣ್ಣ ಕೂರುತ್ತದೆ, ಅದನ್ನು ಓಕ್ರೊನೋಸಿಸ್ ಅಂತಾರೆ. ಕಪ್ಪು ಚರ್ಮದವರಲ್ಲಿ ಹೆಚ್ಚಾಗಿ ಕಂಡಿದೆ. ತೆಗೆಯೋದು ಬಹಳ ಕಷ್ಟ.

ಇನ್ನು ನಿಂಬೆರಸ. ಹಚ್ಚಿಕೊಂಡು ದಾವಣಗೆರೆ ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ನಮ್ಮ ಚರ್ಮದಲ್ಲಿ ಇಂಥ ಸುಟ್ಟ ಗಾಯ ಹೆಚ್ಚಾಗಿ ಕಪ್ಪು ಗುರುತು ಬಿಟ್ಟು ಹೋಗುತ್ತದೆ.

ನರ್ಸಮ್ಮ, ಜಗಳೂರು:
ಮೇಷ್ಟ್ರು ಹೇಳಿದ್ದು ಪುಸ್ತಕಕ್ಕೆ ಸರಿ. ಹೈಡ್ರೋಕ್ವಿನೋನ್ ಮೂರು ತಿಂಗಳು ಹಚ್ಚಿ, ಬಿಟ್ಟು, ಮತ್ತೆ ಬಂದು ತೋರಿಸಿ ಅಂತ ಡಾಕ್ಟರ್ ಹೇಳಿದರೆ ನಮ್ಮ ಕಡೆ ಯಾರು ವಾಪಸ್ ಹೋಗುತ್ತಾರೆ ಹೇಳಿ? ಬಸ್ ಚಾರ್ಜು, ಫೀಸು, ಅರ್ಧ ದಿನದ ಕೂಲಿ. ಅದಕ್ಕೇ ನಾನು ಹೈಡ್ರೋಕ್ವಿನೋನ್ ಬೇಡ ಅನ್ನೋದು. ಅಜೆಲಿಕ್ ಆಸಿಡ್ ನಿಧಾನ, ಮೊದಲು ಚುರುಚುರು ಅನ್ನುತ್ತದೆ, ಆದರೆ ಮುಖ ಹಾಳು ಮಾಡಲ್ಲ. ಅಕ್ಕ, ಮಗುವಿಗೆ ಇನ್ನೂ ಹಾಲು ಕುಡಿಸ್ತಿದ್ದೀರಾ? ಹಾಗಿದ್ದರೆ ಏನು ಹಚ್ಚುವ ಮೊದಲೂ ಡಾಕ್ಟರ್‌ಗೆ ಹೇಳಿ.

ದುರ್ಗದ ಬಯಾಲಜಿ ಮೇಷ್ಟ್ರು:
ಕೂಲಿಯ ಮಾತು ನಿಜ. ಆದರೆ ಜನ ವಾಪಸ್ ಬರಲ್ಲ ಅಂತ ಒಳ್ಳೇ ಔಷಧಿಯನ್ನೇ ಕಿತ್ತು ಹಾಕಬೇಕಾ? ಹಳೇ ಬಂಗಿಗೆ ಅದರಷ್ಟು ಕೆಲಸ ಮಾಡುವುದು ಕಡಿಮೆ.

ನರ್ಸಮ್ಮ, ಜಗಳೂರು:
ಹಾಳಾದ ಮುಖ ನೋಡುವವಳು ನಾನು ಸರ್.

ವಿನೋಬನಗರದ ಅತ್ತೆ:
"ಕಪ್ಪಿನ ಬಗ್ಗೆ ಬೇಸರವಿಲ್ಲ" ಅಂತ ಮದುವೆಯಾದವರು ಹೇಳಬಹುದು. 2020ರಲ್ಲಿ ಫೇರ್ ಅಂಡ್ ಲವ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತೇ ಹೊರತು ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗಿಲ್ಲ. ನನ್ನ ಮಗಳಿಗೆ ಎಕ್ಸಿಬಿಷನ್‌ನಲ್ಲಿ ಒಂದು ಡಬ್ಬಿ ತಂದೆ. ವಿಳಾಸ ಇಲ್ಲ, ಏನೇನು ಹಾಕಿದ್ದಾರೆ ಅಂತಲೂ ಬರೆದಿಲ್ಲ. ಆದರೆ ವಾರದಲ್ಲಿ ಬೆಳ್ಳಗಾದಳು.

ಹರಿಹರದ ಮೆಡಿಕಲ್‌ನವ:
ಅತ್ತೆ, ಇವತ್ತೇ ನಿಲ್ಲಿಸಿ. ವಾರದಲ್ಲಿ ಬೆಳ್ಳಗೆ ಮಾಡುವ ಹೆಸರಿಲ್ಲದ ಡಬ್ಬಿಯಲ್ಲಿ ಸ್ಟೀರಾಯ್ಡ್ ಇರಬಹುದು, ಪಾದರಸವೂ ಇರಬಹುದು. ಪಾದರಸ ಅದೇ ಟೈರೋಸಿನೇಸನ್ನು ತಡೆಯುತ್ತದೆ, ಆದರೆ ಚರ್ಮದಲ್ಲಿ ನಿಲ್ಲಲ್ಲ, ಕಿಡ್ನಿಗೆ ಹೋಗುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಇಂಥ ಕ್ರೀಮ್ ಹಚ್ಚಿದವರಿಗೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಕಾಯಿಲೆ ಬಂದದ್ದನ್ನು ಅಲ್ಲಿನ ಡಾಕ್ಟರ್‌ಗಳು ಗುರುತಿಸಿದರು. ಮಗಳ ಕಾಲು, ಮುಖ ಊದಿದೆಯಾ? ಮೂತ್ರದಲ್ಲಿ ನೊರೆ ಇದೆಯಾ? ಏನೂ ಇಲ್ಲದಿದ್ದರೂ ಒಂದು ಮೂತ್ರ ಪರೀಕ್ಷೆ ಮಾಡಿಸಿ. ಡಬ್ಬಿ ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ.

ವಿನೋಬನಗರದ ಅತ್ತೆ:
ಹೆದರಿಸಬೇಡಪ್ಪಾ. ನಾಳೆ ಬೆಳಿಗ್ಗೆ ಮಾಡಿಸ್ತೀನಿ.

ನಿಟ್ಟುವಳ್ಳಿ ಅಕ್ಕ:
ಇವತ್ತು ಚರ್ಮದ ಡಾಕ್ಟರ್‌ಗೆ ತೋರಿಸಿ ಬಂದೆ. ಹೌದು ನರ್ಸಮ್ಮ, ಮಗು ಇನ್ನೂ ಹಾಲು ಕುಡಿಯುತ್ತೆ. ಸದ್ಯಕ್ಕೆ ಬಂಗಿಗೆ ಏನೂ ಇಲ್ಲ. ಮೊದಲು ಚರ್ಮ ಸುಧಾರಿಸಲಿ ಅಂತ ಮಾಯಿಶ್ಚರೈಸರ್, ಜೊತೆಗೆ ಮೈಬಣ್ಣದ ಸನ್‌ಸ್ಕ್ರೀನ್ ಕೊಟ್ಟರು. ಬರೀ ಬಿಳಿ ಸನ್‌ಸ್ಕ್ರೀನ್ ಸಾಲದಂತೆ. ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಚರ್ಮದಲ್ಲಿ ಬಂಗು ಹೆಚ್ಚಿಸುತ್ತದೆ, ಬಣ್ಣದ್ದರಲ್ಲಿರುವ ಐರನ್ ಆಕ್ಸೈಡ್ ಅದನ್ನು ತಡೆಯುತ್ತದೆ ಅಂದರು. ಒಲೆಯ ಝಳವೂ ಬೇಡ ಅಂದರು. ಅದೊಂದು ಹೇಳೋದು ಸುಲಭ! ದೋಸೆ ಯಾರು ಹುಯ್ತಾರೆ?

ಮಂಡಕ್ಕಿ ಭಟ್ಟಿ ಹುಡುಗ:
ಝಳ ಅಂದಿದ್ದಕ್ಕೆ ಅಮ್ಮನ ನೆನಪಾಯಿತು. ಇಪ್ಪತ್ತು ವರ್ಷದಿಂದ ಭಟ್ಟಿ ಮುಂದೆಯೇ ಕೂತವರು, ಕೆನ್ನೆ ತುಂಬ ಬಂಗು. ಕೇಳೋಣ ಅಂತ ಹೋದರೆ ಅರಿಶಿನದ ಡಬ್ಬಿ ಹಿಂದೆ ಒಂದು ಟ್ಯೂಬ್ ಸಿಕ್ಕಿತು. ಹೆಸರಿನ ಕೊನೆಗೆ "ಸೋನ್" ಅಂತ ಇದೆ. ಮೆಡಿಕಲ್ ಅಣ್ಣ, ಇದೂ ಅವನ ನೆಂಟನೇನಾ?

ಹರಿಹರದ ಮೆಡಿಕಲ್‌ನವ:
ಬಹುತೇಕ ನೆಂಟನೇ. ಬೈದು ಕಿತ್ತುಕೊಳ್ಳಬೇಡ. ಎಷ್ಟು ವರ್ಷದಿಂದ ಹಚ್ಚುತ್ತಿದ್ದಾರೆ ಕೇಳು, ಹೇಗೆ ಬಿಡಿಸಬೇಕು ಅಂತ ಡಾಕ್ಟರ್ ಹೇಳಲಿ. ಟ್ಯೂಬ್ ಜೊತೆಗೇ ಕರಕೊಂಡು ಹೋಗು.